ಗಾಜಿನ ಗೋಲಿ: ಕೈಯ ಕಾಯಕ, ಕಣ್ಣಿನ ಮೋಹ

ಅಂಚೆಚೀಟಿ ಕೂಡಿಸುವವರನ್ನು ನಮ್ಮ ಓದುಗರೆಲ್ಲ ಬಲ್ಲರು. ಹಳೆಯ ನಾಣ್ಯ, ತಾಳೆಗರಿ, ಹಿತ್ತಾಳೆಯ ದೀಪ, ಅಡಕತ್ತರಿಗಳನ್ನು ಅರಸಿಕೊಂಡು ಊರೂರು ತಿರುಗುವ ರಸಿಕರೂ ನಮ್ಮ ಸಮಾಜದಲ್ಲಿ ಇದ್ದಾರೆ. ಆದರೆ ಮಕ್ಕಳು ಬೀದಿಯ ಧೂಳಿನಲ್ಲಿ ಆಡಿ, ಗೆದ್ದು, ಸೋತು, ಕೊನೆಗೆ ಚಡ್ಡಿಯ ಕಿಸೆಯ ತೂತಿನಿಂದ ಕಳೆದುಕೊಳ್ಳುವ ಗಾಜಿನ ಗೋಲಿಯನ್ನು ಮನೆ ಮಕ್ಕಳುಳ್ಳ ದೊಡ್ಡವರು ಹಣ ಕೊಟ್ಟು ಕೊಂಡು, ಮಖಮಲ್ಲಿನ ಮೇಲಿರಿಸಿ ಕಾಪಾಡುತ್ತಾರೆಂದರೆ ಒಮ್ಮೆಲೇ ನಂಬಿಕೆ ಬಾರದು.

ಹಾವೇರಿ ಸೀಮೆಯ ತಾಯಿಯೊಬ್ಬರು ಈಚೆಗೆ ನಮಗೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅವರ ಮಗ ಅಮೆರಿಕದ ಓಹಾಯೋ ರಾಜ್ಯದಲ್ಲಿ ನೌಕರಿಯಲ್ಲಿದ್ದಾರೆ. ಆ ಮಗ ಹರಾಜಿನಲ್ಲಿ ಒಂದು ತಿಂಗಳ ಮನೆಬಾಡಿಗೆಯಷ್ಟು ಹಣ ಕೊಟ್ಟು ಒಂದೇ ಒಂದು ಗೋಲಿಯನ್ನು ಕೊಂಡರಂತೆ. ಸೊಸೆ ಅತ್ತೆಯ ಬಳಿ ದೂರವಾಣಿಯಲ್ಲಿ ಕಣ್ಣೀರಿಟ್ಟಳಂತೆ. ಇದು ಹವ್ಯಾಸವೋ ಹುಚ್ಚೋ ಎಂದು ತಾಯಿಯ ಮೊದಲ ಪ್ರಶ್ನೆ. ಹೀಗೆ ಕೂಡಿಡುವುದು ಶರಣರ ನಡೆಗೆ ಒಪ್ಪುವುದೇ ಎಂಬುದು ಎರಡನೆಯದು. ಮೂರನೆಯದನ್ನು ಅವರು ಪತ್ರದ ಅಂಚಿನಲ್ಲಿ ಸಣ್ಣಕ್ಷರಗಳಲ್ಲಿ ಬರೆದಿದ್ದಾರೆ: ತೀರಿಹೋದ ಅವರ ಅಣ್ಣನವರ ಬಾಲ್ಯದ ಗೋಲಿಗಳು ತವರುಮನೆಯ ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬಿಯೊಂದರಲ್ಲಿವೆ, ಅವುಗಳನ್ನು ಕಳುಹಿಸಿಕೊಡೆಂದು ಮಗ ಕೇಳುತ್ತಿದ್ದಾನೆ, ಕೊಡಲೇ, ಬೇಡವೇ? ಮೂರೂ ಪ್ರಶ್ನೆಗಳು ಗಂಭೀರವಾದವು. ಮೊದಲನೆಯದಕ್ಕೆ ಉತ್ತರ ಕೊಡಬೇಕಾದರೆ ಈ ಗೋಲಿಗಳು ಹುಟ್ಟಿದ ಕುಲುಮೆಯವರೆಗೆ ನಾವು ಹೋಗಿಬರಬೇಕಾಗುತ್ತದೆ.

ಗೋಲಿಯಾಟ ಬಹು ಹಳೆಯದು. ಸಿಂಧೂ ಕಣಿವೆಯ ನೆಲೆಗಳಲ್ಲಿ ಕಲ್ಲಿನ, ಮಣ್ಣಿನ ಚಿಕ್ಕ ಗುಂಡುಗಳು ದೊರೆತಿವೆ. ರೋಮಿನ ಹುಡುಗರು ಅಕ್ರೋಟಿನ ಕಾಯಿಗಳನ್ನಿಟ್ಟುಕೊಂಡು ಇಂಥದೇ ಆಟವಾಡುತ್ತಿದ್ದರು. ಆದರೆ ಸಂಗ್ರಾಹಕರು ಬೆನ್ನು ಹತ್ತುವ ಬಣ್ಣದ ಗಾಜಿನ ಗೋಲಿಗೆ ಅಷ್ಟು ಪ್ರಾಚೀನತೆ ಇಲ್ಲ. ಅದರ ತವರು ಜರ್ಮನಿಯ ತುರಿಂಗಿಯಾ ಪ್ರಾಂತದ ಕಾಡುಗುಡ್ಡಗಳ ನಡುವಿನ ಲೌಷಾ ಎಂಬ ಪುಟ್ಟ ಊರು. ಅಲ್ಲಿ 1597ರಲ್ಲಿ ಹಾನ್ಸ್ ಗ್ರೈನರ್ ಮತ್ತು ಕ್ರಿಸ್ಟೋಫ್ ಮುಲ್ಲರ್ ಎಂಬಿಬ್ಬರು ಗಾಜಿನ ಕುಲುಮೆಯನ್ನು ಹೂಡಿದರು. ಉರಿಗೆ ಕಾಡಿನ ಕಟ್ಟಿಗೆ ಇತ್ತು. ಊರು ಬೆಳೆದದ್ದೇ ಆ ಕುಲುಮೆಯ ಸುತ್ತ. ಮುಂದೆ ಅದೇ ಊರಿನಲ್ಲಿ ಗೊಂಬೆಗಳ ಕಣ್ಣು, ಮನುಷ್ಯರಿಗೆ ಇಡುವ ಕೃತಕ ಕಣ್ಣು, ಕ್ರಿಸ್‌ಮಸ್ ಗಿಡಕ್ಕೆ ತೂಗುಹಾಕುವ ಗಾಜಿನ ಗೋಳಗಳು ತಯಾರಾದವು. ಗಾಜನ್ನು ಊದಿ, ಎಳೆದು, ತಿರುಚಿ ಬದುಕುವುದು ಅಲ್ಲಿ ಮನೆಮನೆಯ ಕಸುಬಾಗಿತ್ತು.

ಅದಕ್ಕೂ ಮೊದಲು ಬೆಲೆಬಾಳುವ ಗೋಲಿಯೆಂದರೆ ಅಗೇಟು ಕಲ್ಲಿನದು. ಜರ್ಮನಿಯದೇ ಆದ ಇಡಾರ್-ಓಬರ್‌ಸ್ಟೈನ್ ಪಟ್ಟಣದಲ್ಲಿ ಹಳ್ಳದ ನೀರಿನಿಂದ ತಿರುಗುವ ಆಳೆತ್ತರದ ಮರಳುಗಲ್ಲಿನ ಚಕ್ರಗಳಿದ್ದವು. ಕೆಲಸಗಾರರು ಅವುಗಳ ಮುಂದೆ ಬೋರಲು ಮಲಗಿ, ಎದೆಯನ್ನು ಮಣೆಗೆ ಆನಿಸಿ, ಕಲ್ಲನ್ನು ಚಕ್ರಕ್ಕೆ ಒತ್ತಿ ಹಿಡಿದು ಉರುಟು ಮಾಡುತ್ತಿದ್ದರು. ಆ ಧೂಳು ಪುಪ್ಪುಸಗಳನ್ನು ತಿಂದುಹಾಕುತ್ತಿತ್ತು. ಅಂಥ ಗೋಲಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೈತುಂಬ ಸಣ್ಣ ಸಣ್ಣ ಪಟ್ಟಿಕೆಗಳು ಕಾಣುತ್ತವೆ. ಒಬ್ಬನ ಉಸಿರು ಸವೆದ ಲೆಕ್ಕ ಅದರ ಮೇಲೆಯೇ ಬರೆದಿರುತ್ತದೆ.

ಕಲ್ಲಿನ ಗೋಲಿ ತುಟ್ಟಿ. ಮಣ್ಣಿನದು ಅಗ್ಗವಾದರೂ ಒಡೆಯುವಂಥದು. ಇವೆರಡರ ನಡುವಿನ ಜಾಗವನ್ನು ಗಾಜು ತುಂಬಿತು. 1840ರ ದಶಕದ ಕೊನೆಯ ಹೊತ್ತಿಗೆ ಲೌಷಾದ ಗ್ರೈನರ್ ಮನೆತನದ ಕುಲುಮೆಯಲ್ಲಿ ಗೋಲಿ ಕತ್ತರಿ ಎಂಬ ಉಪಕರಣ ಬಳಕೆಗೆ ಬಂದಿತು. ನೋಡಲು ಇಕ್ಕಳದಂತಿರುವ ಇದರ ಒಂದು ಕೈಯ ತುದಿಯಲ್ಲಿ ಬಟ್ಟಲಿನಂಥ ತಗ್ಗು, ಇನ್ನೊಂದರಲ್ಲಿ ಕತ್ತರಿಸುವ ಅಲಗು. ಈ ಚಿಕ್ಕ ಉಪಕರಣವೇ ಗಾಜಿನ ಗೋಲಿಯನ್ನು ಶ್ರೀಮಂತರ ಮನೆಯಿಂದ ಬೀದಿಗೆ ತಂದಿತೆನ್ನಬೇಕು.

ಕೆಲಸದ ಬಗೆಯನ್ನು ಕೊಂಚ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ಸಂಗ್ರಾಹಕರ ಮೋಹವೆಲ್ಲ ಅಲ್ಲಿಯೇ ಅಡಗಿದೆ. ಕಸುಬುದಾರನು ಕಬ್ಬಿಣದ ಸಲಾಕೆಯ ತುದಿಗೆ ಕರಗಿದ ಗಾಜನ್ನು ಜೇನಿನಂತೆ ಸುತ್ತಿಕೊಳ್ಳುತ್ತಾನೆ. ಅಚ್ಚಿನ ಒಳಗೋಡೆಗೆ ಬಿಳಿ, ಹಳದಿ, ಕೆಂಪು, ನೀಲಿ ಗಾಜಿನ ತೆಳ್ಳನೆಯ ಕಡ್ಡಿಗಳನ್ನು ಮೊದಲೇ ನಿಲ್ಲಿಸಿರುತ್ತಾರೆ. ಬಿಸಿ ಗಾಜನ್ನು ಅದರೊಳಗೆ ಇಳಿಸಿ ಎತ್ತಿದರೆ ಕಡ್ಡಿಗಳು ಮೈಗಂಟುತ್ತವೆ. ಅದರ ಮೇಲೆ ಮತ್ತೆ ತಿಳಿಗಾಜಿನ ಹೊದಿಕೆ, ಬೇಕಾದರೆ ಅದರ ಹೊರಮೈಗೆ ಮತ್ತೊಂದು ಸುತ್ತು ಬಣ್ಣದ ಪಟ್ಟಿಗಳು. ಹೀಗೆ ಸಿದ್ಧವಾದ ದಪ್ಪ ಮುದ್ದೆಯನ್ನು ಇಬ್ಬರು ಎರಡು ತುದಿಗಳಲ್ಲಿ ಹಿಡಿದು, ಎಳೆಯುತ್ತ, ಎಳೆಯುತ್ತಲೇ ತಿರುಚುತ್ತ ಉದ್ದನೆಯ ದಂಡವನ್ನಾಗಿ ಮಾಡುತ್ತಾರೆ. ಒಳಗಿನ ನೇರವಾದ ಗೆರೆಗಳೆಲ್ಲ ಈಗ ಹುರಿಗೊಂಡ ಹಗ್ಗದ ಎಳೆಗಳಾಗಿ ಸುತ್ತಿಕೊಳ್ಳುತ್ತವೆ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದರು. ಇವರು ಬೆಂಕಿಯಲ್ಲಿ ಗಾಜನ್ನು ಹೊಸೆದರು. ಹುರಿ ಬಿಗಿಯಾದರೆ ಹಗ್ಗ ನಿಲ್ಲುವಂತೆ ಇಲ್ಲಿಯೂ ತಿರುವು ಒಂದೇ ಸಮನಾಗಿ ಬಂದರೆ ಗೋಲಿ ಚೆಂದ. ಬಳಿಕ ದಂಡದ ತುದಿಯನ್ನು ಮತ್ತೆ ಕಾಯಿಸಿ, ಗೋಲಿ ಕತ್ತರಿಯ ಬಟ್ಟಲಿನಲ್ಲಿಟ್ಟು ತಿರುಗಿಸಿ ದುಂಡಗೆ ಮಾಡಿ, ಅಲಗಿನಿಂದ ಕತ್ತರಿಸಿ ಬೀಳಿಸುವುದು. ಬಿದ್ದದ್ದನ್ನು ಒಮ್ಮೆಲೇ ತಣಿಯಗೊಟ್ಟರೆ ಸಿಡಿಯುತ್ತದೆ. ಆದ್ದರಿಂದ ನಿಧಾನವಾಗಿ ಆರಿಸಬೇಕು.

ಕತ್ತರಿಸಿದ ಜಾಗದಲ್ಲಿ ಒಂದು ಒರಟು ಗುರುತು ಉಳಿಯುತ್ತದೆ. ಅದನ್ನು ಪಾಂಟಿಲ್ ಎನ್ನುತ್ತಾರೆ. ದಂಡದಿಂದ ಕತ್ತರಿಸಿದ ಗೋಲಿಗೆ ಮೇಲೊಂದು ಕೆಳಗೊಂದು, ಹೀಗೆ ಎರಡು ಗುರುತುಗಳಿರುತ್ತವೆ. ಒಂದೊಂದನ್ನೇ ಬಿಡಿಯಾಗಿ ಮಾಡಿದ್ದಾದರೆ ಒಂದೇ. ಯಂತ್ರದಿಂದ ಬಂದ ಗೋಲಿಗೆ ಈ ಗುರುತು ಇರುವುದಿಲ್ಲ. ಹಳೆಯ ಗೋಲಿಯನ್ನು ಕೈಗೆತ್ತಿಕೊಂಡ ಸಂಗ್ರಾಹಕನು ಮೊದಲು ಬೆರಳಿನಿಂದ ತಡವಿ ಹುಡುಕುವುದು ಇದನ್ನೇ. ಗಮನಿಸಬೇಕಾದ ಸಂಗತಿಯೆಂದರೆ, ಆ ಕಾಲದ ಸಾಮಾನ್ಯ ಗೋಲಿಯ ಮೇಲೆ ಮಾಡಿದವನ ಹೆಸರಾಗಲಿ ಮುದ್ರೆಯಾಗಲಿ ಇರುವುದಿಲ್ಲ. ನಮ್ಮ ವಚನಕಾರರಿಗೆ ಒಬ್ಬೊಬ್ಬರಿಗೂ ಅಂಕಿತವಿತ್ತು. ಯಾರ ನುಡಿಯೆಂಬುದು ಎಂಟುನೂರು ವರ್ಷಗಳ ನಂತರವೂ ನಮಗೆ ತಿಳಿಯುತ್ತದೆ. ಲೌಷಾದ ಕಸುಬುದಾರರಿಗೆ ಈ ಒರಟು ಗಾಯವೇ ಅಂಕಿತ. ಇದು ಕೈಯಿಂದ ಆದದ್ದು ಎಂದಷ್ಟೇ ಅದು ಹೇಳುತ್ತದೆ, ಯಾರ ಕೈಯೆಂದು ಹೇಳುವುದಿಲ್ಲ.

ಇವುಗಳಲ್ಲಿ ಬಗೆಗಳು ಅನೇಕ. ಒಳಗೆ ಬಿಳಿಯ ಎಳೆಗಳ ಬಲೆ ಹೆಣೆದಂತಿರುವುದು ಲ್ಯಾಟಿಸಿನಿಯೋ. ಬಿಳಿಯ ಬಲೆ ಸಾಮಾನ್ಯ, ಹಳದಿ ಅದಕ್ಕಿಂತ ಕಡಿಮೆ, ಕೆಂಪು ಮತ್ತು ನೀಲಿ ವಿರಳ. ಈರುಳ್ಳಿಯ ಸಿಪ್ಪೆಯಂತೆ ಬಣ್ಣದ ಚುಕ್ಕೆಗೆರೆಗಳು ಮೈಗೆ ಹರಡಿದ್ದರೆ ಅದಕ್ಕೆ ಈರುಳ್ಳಿ ಸಿಪ್ಪೆಯೆಂದೇ ಹೆಸರು. ಕಪ್ಪು ಗಾಜಿನ ಮೇಲೆ ಬಣ್ಣದ ಪಟ್ಟಿಗಳಿದ್ದರೆ ಇಂಡಿಯನ್ ಎನ್ನುತ್ತಾರೆ. ಹೆಸರು ಕೇಳಿ ನಮ್ಮವರು ಹಿಗ್ಗುವ ಕಾರಣವಿಲ್ಲ, ಅದೂ ಜರ್ಮನಿಯದೇ. ತಾಮ್ರದ ಹೊಳೆಯುವ ಕಣಗಳು ತುಂಬಿದ, ಚಿನ್ನದ ಧೂಳಿನಂತೆ ಮಿನುಗುವ ಪಟ್ಟಿಯಿದ್ದರೆ ಅದು ಲುಟ್ಸ್. ಅಮೆರಿಕದ ಸ್ಯಾಂಡ್‌ವಿಚ್ ಎಂಬ ಊರಿನ ಗಾಜಿನ ಕಾರ್ಖಾನೆಯಲ್ಲಿ ದುಡಿದ ನಿಕೊಲಸ್ ಲುಟ್ಸ್ ಎಂಬ ಕುಶಲಿಯು ಇಂಥ ಹೊಳಪಿನ ಗಾಜಿನ ಕೆಲಸಕ್ಕೆ ಹೆಸರಾಗಿದ್ದನು. ಈ ಗೋಲಿಗಳನ್ನು ಮಾಡಿದವರು ಜರ್ಮನರು, ಹೆಸರು ನಿಂತದ್ದು ಅವನದು. ಲೋಕದಲ್ಲಿ ಕೀರ್ತಿ ಹಂಚಿಕೆಯಾಗುವ ರೀತಿಯೇ ಹೀಗೆ.

ಮಕ್ಕಳಿಗೂ ದೊಡ್ಡವರಿಗೂ ಹೆಚ್ಚು ಹಿಡಿಸುವುದು ಸಲ್ಫೈಡ್ ಎಂಬ ಬಗೆ. ತಿಳಿಗಾಜಿನ ದೊಡ್ಡ ಗುಂಡು, ಅದರ ನಡುವೆ ಬೆಳ್ಳಿಯಂತೆ ಹೊಳೆಯುವ ಚಿಕ್ಕ ಕುರಿ, ನಾಯಿ, ಸಿಂಹ ಅಥವಾ ಕೋಳಿಹುಂಜ. ಒಳಗಿರುವುದು ಬೆಳ್ಳಿಯಲ್ಲ, ಬಿಳಿಮಣ್ಣಿನ ಗೊಂಬೆ. ಗೊಂಬೆಗೂ ಗಾಜಿಗೂ ನಡುವೆ ಸಿಕ್ಕಿಬಿದ್ದ ಗಾಳಿಯ ತೆಳು ಪದರವು ಬೆಳಕನ್ನು ಹಿಂದಿರುಗಿಸುವುದರಿಂದ ಹಾಗೆ ಕಾಣುತ್ತದೆ. ಗೊಂಬೆಯನ್ನು ಮೊದಲೇ ಕಾಯಿಸದೆ ಬಿಸಿ ಗಾಜಿನಲ್ಲಿ ಮುಳುಗಿಸಿದರೆ ಒಡೆದುಹೋಗುತ್ತದೆ. ಕಾಯಿಸಿದರೂ ನಟ್ಟನಡುವೆ ನಿಲ್ಲಿಸುವುದು ಕಠಿಣ. ಆದ್ದರಿಂದ ಸರಿಯಾಗಿ ಮಧ್ಯದಲ್ಲಿರುವುದಕ್ಕೆ ಬೆಲೆ ಹೆಚ್ಚು. ಪ್ರಾಣಿಗಳಿಗಿಂತ ಮನುಷ್ಯರ ಆಕೃತಿ ವಿರಳ. ಬಣ್ಣ ಹಚ್ಚಿದ ಗೊಂಬೆ, ಬಣ್ಣದ ಗಾಜು, ಒಂದೇ ಗುಂಡಿನಲ್ಲಿ ಎರಡು ಗೊಂಬೆ ಇವೆಲ್ಲ ಇನ್ನೂ ವಿರಳ.

ಸಂಗ್ರಾಹಕರ ಇನ್ನೊಂದು ವಿಚಿತ್ರವಾದ ಮೋಹವಿದೆ. ದಂಡದ ಮೊದಲ ತುಂಡು ಮತ್ತು ಕೊನೆಯ ತುಂಡುಗಳಲ್ಲಿ ಬಣ್ಣದ ಎಳೆಗಳು ಪೂರ್ತಿ ಹರಿಯದೆ ಅರ್ಧಕ್ಕೇ ನಿಂತುಬಿಡುತ್ತವೆ. ಒಂದು ದಂಡಕ್ಕೆ ಅಂಥವು ಎರಡೇ. ಆ ಕಾಲದ ಹುಡುಗನೊಬ್ಬ ಇದು ಕೆಟ್ಟುಹೋದ ಗೋಲಿಯೆಂದು ಮೂಗು ಮುರಿದಿರಬಹುದು. ಇಂದು ಅದಕ್ಕೇ ಹೆಚ್ಚಿನ ಹಣ. ತಿರುವು ಸಾಮಾನ್ಯಕ್ಕೆ ವಿರುದ್ಧವಾಗಿ ಎಡಕ್ಕೆ ಸುತ್ತಿದ್ದರೂ ಹಾಗೆಯೇ. ಯಾವನೋ ಎಡಗೈಯವನು ಮಾಡಿದ್ದಿರಬೇಕೆಂದು ಹವ್ಯಾಸಿಗಳು ತಮ್ಮತಮ್ಮೊಳಗೆ ಕಥೆ ಕಟ್ಟುತ್ತಾರೆ. ಕಥೆ ನಿಜವಿರಲಿ ಇಲ್ಲದಿರಲಿ, ಒಂದು ಗಾಜಿನ ಹನಿಯ ಹಿಂದೆ ಮನುಷ್ಯನನ್ನು ಕಾಣಬೇಕೆಂಬ ಹಂಬಲ ನಮಗೆ ಇಷ್ಟವಾಯಿತು.

ಇನ್ನು ಓಹಾಯೋದ ವಿಷಯ. ಆ ತಾಯಿಯ ಮಗನಿಗೆ ಈ ಗೀಳು ಹತ್ತಿದ್ದು ಆಕಸ್ಮಿಕವಲ್ಲವೆಂದು ನಮಗೆ ತೋರುತ್ತದೆ. ಅವರು ಇರುವುದೇ ಅಮೆರಿಕದ ಗೋಲಿಗಳ ಸೀಮೆಯಲ್ಲಿ. ಆ ರಾಜ್ಯದ ಆ್ಯಕ್ರನ್ ನಗರದಲ್ಲಿ ಸ್ಯಾಮುಯೆಲ್ ಡೈಕ್ ಎಂಬವರು 1884ರಲ್ಲಿ ಮಣ್ಣಿನ ಗೋಲಿಗಳನ್ನು ರಾಶಿರಾಶಿಯಾಗಿ ತಯಾರಿಸಲು ಆರಂಭಿಸಿದರು. ಡೆನ್ಮಾರ್ಕಿನಲ್ಲಿ ಹುಟ್ಟಿ ಅಲ್ಲಿ ನೆಲೆಸಿದ ಮಾರ್ಟಿನ್ ಫ್ರೆಡರಿಕ್ ಕ್ರಿಸ್ಟೆನ್‌ಸನ್ ಉಕ್ಕಿನ ಬೇರಿಂಗ್ ಗುಂಡುಗಳನ್ನು ಮಾಡುವ ಯಂತ್ರದಲ್ಲಿ ಪಳಗಿದವರು. ಅದೇ ಯುಕ್ತಿಯನ್ನು ಗಾಜಿಗೆ ಹೊಂದಿಸಿ 1905ರಲ್ಲಿ ಪೇಟೆಂಟು ಪಡೆದರು. ಕೊರೆದ ಅಂಚಿನ ಎರಡು ಚಕ್ರಗಳ ನಡುವೆ ಬಿಸಿ ಗಾಜಿನ ತುಣುಕು ಉರುಳುತ್ತ ಉರುಳುತ್ತ ದುಂಡಗಾಗುತ್ತಿತ್ತು. ಗಾಜನ್ನು ತೆಗೆದು ತುಂಡರಿಸಿ ಹಾಕುವುದು ಮಾತ್ರ ಇನ್ನೂ ಮನುಷ್ಯನ ಕೆಲಸ. ಆ ಕಾರ್ಖಾನೆ 1917ರಲ್ಲಿ, ಯುದ್ಧದ ದಿನಗಳ ಅನಿಲದ ಅಭಾವದಲ್ಲಿ, ನಿಂತುಹೋಯಿತು. ಅದೇ ಮಹಾಯುದ್ಧ ಜರ್ಮನಿಯ ಗೋಲಿಗಳು ಅಮೆರಿಕಕ್ಕೆ ಬರುವುದನ್ನೂ ತಡೆಯಿತು. ಕೈಗೋಲಿಯ ಯುಗ ಮುಗಿದದ್ದು ಹೀಗೆ.

ಯುದ್ಧದ ನಂತರದ ಮಾರುಕಟ್ಟೆಯನ್ನು ಆಳಿದ್ದು ಅಕ್ರೋ ಅಗೇಟ್ ಎಂಬ ಸಂಸ್ಥೆ. ಆ್ಯಕ್ರನ್ನಿನಲ್ಲಿ ಹುಟ್ಟಿ, 1914ರಲ್ಲಿ ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗಿಗೆ ಹೋಗಿ, 1951ರವರೆಗೆ ನಡೆದ ಇದರ ಹೆಸರುವಾಸಿ ಗೋಲಿಯಲ್ಲಿ ಬಣ್ಣದ ಪಟ್ಟಿಯು ತಿರುಪಿನ ಮೊಳೆಯಂತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸುತ್ತಿಕೊಂಡು ಹೋಗುತ್ತದೆ. ಇಲಿನಾಯ್ ರಾಜ್ಯದ ಪೆಲ್ಟಿಯರ್ ಸಂಸ್ಥೆಯು ಅಂದಿನ ಪತ್ರಿಕೆಗಳ ಹಾಸ್ಯಚಿತ್ರ ಮಾಲಿಕೆಗಳ ಹನ್ನೆರಡು ಪಾತ್ರಗಳ ಮುಖಗಳನ್ನು ಗೋಲಿಯ ಮೇಲೆ ಅಚ್ಚೊತ್ತಿ ಮಾರಿತು. ಇವೆಲ್ಲಕ್ಕಿಂತ ಹೆಚ್ಚಾಗಿ ಹವ್ಯಾಸಿಗಳ ನಿದ್ದೆ ಕೆಡಿಸುವುದು ಕ್ರಿಸ್ಟೆನ್‌ಸನ್ ಅಗೇಟ್ ಎಂಬ, ಹೆಸರೊಂದೇ ಆದರೂ ಬೇರೆಯೇ ಆದ, ಒಂದು ಚಿಕ್ಕ ಸಂಸ್ಥೆಯ ಸರಕು. 1925ರಲ್ಲಿ ಆರಂಭವಾಗಿ, ಓಹಾಯೋದ ಕೇಂಬ್ರಿಜ್ ಎಂಬ ಊರಿನಲ್ಲಿ ನಡೆದು, 1930ರ ದಶಕದ ಮಹಾಮುಗ್ಗಟ್ಟಿನಲ್ಲಿ ಮುಚ್ಚಿಹೋಯಿತು. ಅದು ಬದುಕಿದ್ದು ಹತ್ತು ವರ್ಷವೂ ಇಲ್ಲ. ಅದರ ಗಾಜಿನ ಬಣ್ಣಗಳೋ, ಕಣ್ಣು ಕುಕ್ಕುವಂಥವು. ಗಿನಿಕೋಳಿಯ ಮೈಯಂತೆ ಬಣ್ಣಬಣ್ಣದ ಚುಕ್ಕೆ ಹಾರಿದ ಗೋಲಿಗೆ ಗಿನಿ ಎಂದೇ ಹೆಸರು. ಅದೊಂದು ಕೈಗೆ ಸಿಕ್ಕರೆ ಹಬ್ಬ. ಆ ತಾಯಿಯ ಮಗ ಕೊಂಡದ್ದು ಇದನ್ನೇ ಇರಬೇಕೆಂದು ನಮ್ಮ ಊಹೆ.

ಅನಂತರದ ಕಥೆಯನ್ನು ಬೇಗ ಮುಗಿಸಬಹುದು. 1950ರ ದಶಕದಲ್ಲಿ ಜಪಾನಿನಿಂದ ಬೆಕ್ಕಿನ ಕಣ್ಣಿನಂಥ ಗೋಲಿ ಬಂದಿತು. ತಿಳಿಗಾಜಿನೊಳಗೆ ಬಣ್ಣದ ಎಸಳಿರುವ ಇದನ್ನು ನಮ್ಮ ಓದುಗರಲ್ಲಿ ಅನೇಕರು ಆಡಿರುತ್ತಾರೆ. ಅಗ್ಗವಾದ ಇದರ ಮುಂದೆ ಅಮೆರಿಕದ ಕಾರ್ಖಾನೆಗಳು ಸೊರಗಿದವು. ಇಂದು ಲೋಕದ ಅಂಗಡಿಗಳಲ್ಲಿ ಕಾಣುವ ಗೋಲಿಗಳ ದೊಡ್ಡ ಪಾಲು ಮೆಕ್ಸಿಕೋ ದೇಶದ್ದು.

ಬೆಲೆ ಕಟ್ಟುವ ಕ್ರಮದಲ್ಲಿ ನಮ್ಮ ಮನಸ್ಸಿಗೆ ಚುಚ್ಚಿದ ಒಂದು ಸಂಗತಿಯಿದೆ. ಗೋಲಿಯ ಬೆಲೆ ಅದರ ಬಗೆ, ಗಾತ್ರ, ಬಣ್ಣಗಳಿಗಿಂತ ಮಿಗಿಲಾಗಿ ಅದರ ಮೈಯ ಸ್ಥಿತಿಯನ್ನು ಅವಲಂಬಿಸಿದೆ. ಇನ್ನೊಂದು ಗೋಲಿಗೆ ಬಡಿದಾಗ ಗಾಜಿನೊಳಗೆ ಬಿದಿಗೆಯ ಚಂದ್ರನಂಥ ಒಂದು ಸೀಳು ಮೂಡುತ್ತದೆ. ಇದಕ್ಕೆ ಹವ್ಯಾಸಿಗಳು ಚಂದ್ರ ಎಂದೇ ಹೇಳುತ್ತಾರೆ. ಚಂದ್ರಗಳು ಹೆಚ್ಚಿದಷ್ಟೂ ಬೆಲೆ ಇಳಿಯುತ್ತದೆ. ಅಂದರೆ ಯಾವ ಗೋಲಿಯನ್ನು ಹುಡುಗನೊಬ್ಬ ಮನಸಾರೆ ಆಡಿದನೋ ಅದಕ್ಕೆ ಬೆಲೆಯಿಲ್ಲ. ಅಂಗಡಿಯ ಮೂಲೆಯಲ್ಲಿ ಮಾರಾಟವಾಗದೆ ಉಳಿದದ್ದು, ಕೊಟ್ಟ ಪೆಟ್ಟಿಗೆಯನ್ನು ಬಿಚ್ಚದೆ ಇಟ್ಟದ್ದು, ಒಟ್ಟಿನಲ್ಲಿ ಯಾವ ಮಗುವಿಗೂ ಸಂತೋಷ ಕೊಡದೆ ಹೋದದ್ದು ಇಂದು ಸಾವಿರಾರು ಡಾಲರುಗಳಿಗೆ ಏರಬಹುದು. ಪೆಟ್ಟಿಗೆಯೂ ಮೂಲದ್ದೇ ಆಗಿ ಉಳಿದಿದ್ದರೆ ಕೆಲವು ಸಲ ಒಳಗಿನ ಗೋಲಿಗಳಿಗಿಂತ ಆ ರಟ್ಟಿಗೇ ಹೆಚ್ಚು ಬೆಲೆ. ಪೇಟೆಯ ನ್ಯಾಯ ಹಾಗಿದೆ. ಒಪ್ಪುವುದು ಬಿಡುವುದು ನಮ್ಮ ಕೈಯಲ್ಲಿದೆ.

ಹಣ ಇರುವಲ್ಲಿ ಮೋಸವೂ ಇರುತ್ತದೆ. ಪೆಟ್ಟು ತಿಂದ ಗೋಲಿಯನ್ನು ಸಾಣೆ ಹಿಡಿದು ಹೊಳಪಿಸಿ ಹೊಸದರಂತೆ ಮಾರುವವರಿದ್ದಾರೆ. ಸಾಣೆ ಹಿಡಿದಾಗ ಪಾಂಟಿಲ್ ಗುರುತು ಅಳಿದುಹೋಗುತ್ತದೆ, ಗಾತ್ರ ಕುಗ್ಗುತ್ತದೆ, ಹೊರಮೈಯ ಬಣ್ಣದ ಪಟ್ಟಿಗಳು ತುಂಡಾಗುತ್ತವೆ. ಇವನ್ನು ನೋಡಬಲ್ಲವನು ಮೋಸ ಹೋಗಲಾರ. ಮುಖ ಅಚ್ಚೊತ್ತಿದ ಗೋಲಿಗಳನ್ನು ಅನುಕರಿಸಿ, ಹಳೆಯ ಬರಿಯ ಗೋಲಿಗೆ ಹೊಸ ಚಿತ್ರ ಅಂಟಿಸಿ ಮಾರಿದ್ದೂ ಉಂಟು. ಸಲ್ಫೈಡ್‌ಗಳ ಹೊಸ ನಕಲುಗಳೂ ಪೇಟೆಯಲ್ಲಿವೆ. ಗಣಕಜಾಲದ ಹರಾಜಿನಲ್ಲಿ ಚಿತ್ರ ನೋಡಿ ಕೊಳ್ಳುವವನು ಬೆರಳಿನ ಸಾಕ್ಷಿಯನ್ನು ಬಿಟ್ಟುಕೊಟ್ಟಿರುತ್ತಾನೆ ಎಂಬುದು ನೆನಪಿರಲಿ. ನೇರಳಾತೀತ ದೀಪದ ಕೆಳಗೆ ಹಸಿರಾಗಿ ಬೆಳಗಿದರೆ ಗಾಜಿನಲ್ಲಿ ಯುರೇನಿಯಂ ಇದೆಯೆಂದು ತಿಳಿಯುತ್ತದೆ. ಹಳೆಯದೇ ಎಂದು ಅಷ್ಟರಿಂದಲೇ ತಿಳಿಯುವುದಿಲ್ಲ.

ಈಗ ಅಟ್ಟದ ಮೇಲಿನ ಡಬ್ಬಿಯನ್ನು ಇಳಿಸೋಣ. ನಮ್ಮ ನಾಡಿನ ಮನೆಗಳಲ್ಲಿ ಉಳಿದಿರುವ ಹಳೆಯ ಗೋಲಿಗಳಲ್ಲಿ ಒಂದು ಪಾಲು ಸೋಡಾ ಬಾಟಲಿಯವು. 1870ರ ದಶಕದ ಆರಂಭದಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷ್ ತಂತ್ರಜ್ಞನು ರೂಪಿಸಿದ ಬಾಟಲಿಯದು. ಕತ್ತಿನೊಳಗೆ ಗೋಲಿ, ಬಾಯಿಯ ಒಳಸುತ್ತಿಗೆ ರಬ್ಬರಿನ ಬಳೆ. ಸೋಡಾ ತುಂಬಿದಾಗ ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ಮೇಲಕ್ಕೆ ತಳ್ಳಿ ಬಾಯಿ ಮುಚ್ಚುತ್ತದೆ. ಹೆಬ್ಬೆರಳಿನಿಂದಲೋ ಮರದ ಗೂಟದಿಂದಲೋ ಒತ್ತಿದರೆ ಶಬ್ದದೊಡನೆ ತೆರೆಯುತ್ತದೆ. ಕುಡಿಯುವಾಗ ಗೋಲಿ ಮತ್ತೆ ಬಾಯಿಗೆ ಅಡ್ಡ ಬರದಂತೆ ತಡೆಯಲು ಕತ್ತಿನಲ್ಲಿ ತಗ್ಗುಗಳಿರುತ್ತವೆ. ಇಂಗ್ಲೆಂಡಿನ ಹುಡುಗರು ಒಳಗಿನ ಗೋಲಿಯ ಆಸೆಗೆ ಬಾಟಲಿಗಳನ್ನೇ ಒಡೆದುಹಾಕಿದ್ದರಿಂದ ಅಲ್ಲಿ ಹಳೆಯ ಬಾಟಲಿಗಳೇ ಈಗ ಸಂಗ್ರಹದ ವಸ್ತುಗಳಾಗಿವೆ. ನಮ್ಮ ಜಾತ್ರೆ ಸಂತೆಗಳಲ್ಲಿ ಗೋಲಿ ಸೋಡಾ ಇನ್ನೂ ಬದುಕಿದೆ, ನಮ್ಮ ಹುಡುಗರೂ ಅದೇ ಆಸೆಯವರೇ. ತಿಳಿಹಸಿರು ಛಾಯೆಯ, ಒಳಗೆ ಯಾವ ಬಣ್ಣದ ಎಳೆಯೂ ಇಲ್ಲದ, ಪಾಂಟಿಲ್ ಗುರುತಿಲ್ಲದ ಗೋಲಿಗಳು ಆ ಡಬ್ಬಿಯಲ್ಲಿದ್ದರೆ ಅವು ಬಹುಶಃ ಇವೇ. ಎಸಳಿನ ಕಣ್ಣಿನವು ಇದ್ದರೆ 1950ರ ನಂತರದವು. ಎರಡೂ ತುದಿಯಲ್ಲಿ ಒರಟು ಗುರುತಿದ್ದು ಒಳಗೆ ಹುರಿಯಾದ ಬಣ್ಣಗಳಿದ್ದರೆ ಮಾತ್ರ ತಿಳಿದವರಿಗೆ ತೋರಿಸಬೇಕು. ಅದು ಅಪರೂಪ, ಆದರೆ ಅಸಾಧ್ಯವಲ್ಲ. ಹರಾಜಿನ ಲೆಕ್ಕದಲ್ಲಿ ಆ ಡಬ್ಬಿಗೆ ಹೆಚ್ಚಿನ ಬೆಲೆ ಬಾರದೆಂದೇ ನಮ್ಮ ಅಂದಾಜು. ಆದ್ದರಿಂದ ಕೊಡುವ ಬಿಡುವ ನಿರ್ಧಾರವನ್ನು ಹಣದ ಮೇಲೆ ನಿಲ್ಲಿಸಬೇಕಾಗಿಲ್ಲ. ಅಣ್ಣನ ಕೈ ಆಡಿದ ಗೋಲಿಗಳು ಸೋದರಳಿಯನ ಕೈಗೆ ಹೋಗುವುದರಲ್ಲಿ ತಪ್ಪೇನೂ ನಮಗೆ ಕಾಣದು. ಆದರೆ ಅಂಚೆಯಲ್ಲಿ ಕಳುಹಿಸುವುದು ಬೇಡ. ಮಗ ಊರಿಗೆ ಬಂದಾಗ ಎದುರು ಕುಳಿತು, ಮಾವ ಯಾರೊಡನೆ ಎಲ್ಲಿ ಆಡಿದರು, ಯಾವುದನ್ನು ಯಾರಿಂದ ಗೆದ್ದರು ಎಂದು ತಾಯಿ ಹೇಳುತ್ತ ಒಂದೊಂದಾಗಿ ಎಣಿಸಿ ಕೊಡಲಿ. ಒಂದೆರಡನ್ನು ತಮ್ಮ ಬಳಿಯೇ ಇಟ್ಟುಕೊಂಡರೂ ಮಗ ಬೇಸರಪಡಲಾರ.

ಉಳಿದದ್ದು ಶರಣರ ಮಾತು. ಆಯ್ದಕ್ಕಿ ಮಾರಯ್ಯನವರ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದದ್ದೇ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಅದನ್ನು ಒಳಗೆ ಬರಗೊಡಲಿಲ್ಲ, ಇದ್ದಲ್ಲಿಗೇ ಸುರಿದುಬರುವಂತೆ ಹೇಳಿದರು. ಈ ಕಥೆಯನ್ನು ಎದುರಿಗಿಟ್ಟುಕೊಂಡು ಎಲ್ಲ ಸಂಗ್ರಹವೂ ಪಾಪವೆಂದು ಹೇಳಿಬಿಡುವುದು ಸುಲಭ. ನಮಗೆ ಹಾಗೆ ತೋರುವುದಿಲ್ಲ. ಲಕ್ಕಮ್ಮನವರು ತಡೆದದ್ದು ಅನ್ನವನ್ನು, ಅಂದರೆ ಇನ್ನೊಬ್ಬರ ಪಾಲನ್ನು. ಮೂಲೆಗುಂಪಾದ ಗಾಜಿನ ಗುಂಡನ್ನು ಒಬ್ಬನು ಕಾಪಾಡಿದರೆ ಯಾರ ತುತ್ತೂ ಕಡಿಮೆಯಾಗದು. ಮೇಲಾಗಿ ಹೆಸರಿಲ್ಲದೆ ಅಳಿದ ಕುಶಲಿಗಳ ಕಾಯಕಕ್ಕೆ ಅದೊಂದು ಗೌರವ. ಆ ಕಾಯಕದ ಹಿಂದೆ ಸುಖವೇ ಇತ್ತೆಂದಲ್ಲ. ಲೌಷಾದ ಮನೆಗೆಲಸದಲ್ಲಿ ಮಕ್ಕಳ ಕೈಗಳೂ ಇದ್ದವು. ನಮ್ಮದೇ ದೇಶದ ಫಿರೋಜಾಬಾದಿನ ಬಳೆಯ ಕುಲುಮೆಗಳಲ್ಲಿ ಮಕ್ಕಳು ದುಡಿದ ಕಥೆ ಬಹಳ ಹಳೆಯದೇನೂ ಅಲ್ಲ. ಮಕ್ಕಳ ಆಟಿಕೆಯನ್ನು ಮಕ್ಕಳೇ ಉರಿಯ ಮುಂದೆ ಕುಳಿತು ಮಾಡಿದರೆಂಬುದನ್ನು ಮಖಮಲ್ಲಿನ ಪೆಟ್ಟಿಗೆ ತೆರೆಯುವವರು ತಿಳಿದಿರುವುದು ಒಳ್ಳೆಯದು.

ಆದರೆ ಒಂದು ತಿಂಗಳ ಬಾಡಿಗೆಯ ಮಾತು ಬೇರೆ. ಅಲ್ಲಿ ನಾವು ಸೊಸೆಯ ಪಕ್ಷ. ಗೋಲಿಗೆ ಅಷ್ಟು ಹಣ ತೆತ್ತದ್ದಕ್ಕಿಂತ ಮನೆಯವಳನ್ನು ಕೇಳದೆ ತೆತ್ತದ್ದು ದೊಡ್ಡ ದೋಷ. ಲಕ್ಕಮ್ಮನವರ ಕಥೆಯಲ್ಲಿ ಅಕ್ಕಿಯ ಅಳತೆಯನ್ನು ನಿಶ್ಚಯಿಸಿದವರು ಯಾರೆಂಬುದನ್ನು ನಮ್ಮ ಗಂಡಸರು ಮರೆಯುತ್ತಾರೆ. ದಂಪತಿಗಳು ವರ್ಷಕ್ಕೆ ಇಷ್ಟೆಂದು ಕೂಡಿ ಗೊತ್ತುಮಾಡಿಕೊಂಡು, ದಾಸೋಹಕ್ಕೂ ಮಕ್ಕಳ ಓದಿಗೂ ತೆಗೆದಿರಿಸಿದ ಮೇಲೆ ಉಳಿದದ್ದರಲ್ಲಿ ಕೊಳ್ಳಲಿ. ಸಾಲದ ಚೀಟಿಯ ಮೇಲೆ ಮಾತ್ರ ಎಂದೂ ಬೇಡ. ಬೆಲೆ ಏರುತ್ತದೆ, ಇದೂ ಒಂದು ಉಳಿತಾಯವೇ ಎಂದು ಮಗ ವಾದಿಸಿದ್ದಾರಂತೆ. ಏರಿದ್ದೂ ಉಂಟು, ಇಳಿದದ್ದೂ ಉಂಟು. ಕೊಳ್ಳುವ ಇನ್ನೊಬ್ಬ ಮೋಹಿತನು ಸಿಕ್ಕ ದಿನವಷ್ಟೇ ಅದು ಹಣ.

ಸಂಗ್ರಹವಿರುವ ಮನೆಯವರಿಗೆ ಒಂದೆರಡು ಸೂಚನೆಗಳು. ಗೋಲಿಗಳನ್ನು ಒಂದೇ ಡಬ್ಬಿಯಲ್ಲಿ ಸುರಿದಿಟ್ಟರೆ ಎತ್ತಿದಾಗಲೆಲ್ಲ ಒಂದಕ್ಕೊಂದು ಬಡಿದು ಚಂದ್ರಗಳು ಹೆಚ್ಚುತ್ತವೆ. ಒಂದೊಂದಕ್ಕೂ ಮೆತ್ತನೆಯ ಬಟ್ಟೆಯ ಪ್ರತ್ಯೇಕ ಗೂಡು ಬೇಕು. ತೊಳೆಯಲು ಉಗುರುಬೆಚ್ಚನೆಯ ನೀರು, ಸ್ವಲ್ಪ ಸಾಬೂನು ಸಾಕು. ಕುದಿಯುವ ನೀರು, ಬೂದಿ, ಹುಣಸೆಹಣ್ಣು ಯಾವುದೂ ಬೇಡ. ಕಿಟಕಿಯ ಬಿಸಿಲಿನಲ್ಲಿ ಇಡಬಾರದು. ತಿಳಿಗಾಜಿನ ಗುಂಡು ಭೂತಗನ್ನಡಿಯಂತೆ ಬಿಸಿಲನ್ನು ಒಂದೆಡೆ ಕೂಡಿಸಿ ಬಟ್ಟೆಯನ್ನು ಸುಡಬಲ್ಲದು. ತೊಟ್ಟಿಲ ಕೂಸು ಇರುವ ಮನೆಯಲ್ಲಿ ಎತ್ತರದ ಕಪಾಟಿನಲ್ಲಿ ಬೀಗ ಹಾಕಿಡಬೇಕು, ಗಂಟಲಿಗೆ ಸಿಕ್ಕಿದರೆ ಪ್ರಾಣಕ್ಕೇ ಅಪಾಯ. ಪ್ರತಿ ಗೋಲಿಯ ಜೊತೆಗೆ ಎಲ್ಲಿಂದ ಬಂದಿತು, ಯಾವ ವರ್ಷ, ಯಾರ ಕೈಯಿಂದ, ಎಷ್ಟು ಕೊಟ್ಟದ್ದು ಎಂದು ಬರೆದ ಚೀಟಿಯೊಂದಿರಲಿ. ಚೀಟಿಯನ್ನು ಕನ್ನಡದಲ್ಲಿ ಬರೆದರೂ ಸರಿಯೇ, ಓದಲು ಮನೆಯಲ್ಲಿ ಒಬ್ಬರಾದರೂ ಉಳಿದಿದ್ದರೆ.